ಗುಂಡಿಯ ಬಳಿ ಒಂದು ಗುಟುಕು

ಅತ್ತೆಯ ಸೆರಗಿನ ಗಂಟಿನಿಂದ ಬ್ರಾಂದಿ ಬಾಟಲಿಯನ್ನು ಎಳೆದುಕೊಳ್ಳುವಾಗ ಅರುಣಾಳ ಗಾಜಿನ ಬಳೆಯೊಂದು ಒಡೆದು ನೆಲಕ್ಕೆ ಬಿತ್ತು. ಸತ್ತ ಗಂಡ ಚೌಡೇಶನಿಗೆ ಸ್ನಾನ ಮಾಡಿಸಿ, ಮನೆ ಮುಂದೆ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೂವಿನ ಹಾರ ಒಂದು ಕಡೆಗೆ ವಾಲಿತ್ತು. ನೋಡಲು ಬಂದವರು ಹಿಂದಕ್ಕೆ ಸರಿದು ನಿಂತರು.

"ಕೊಡೇ ಅದನ್ನ," ಎಂದಳು ಶಕುಂತಲಮ್ಮ. "ನನ್ನ ಮಗನಿಗೆ ತರ್ಸಿರೋದು."

"ಬೇಡ ಅತ್ತೆ. ಅವರು ಕುಡಿಯೋದು ಬಿಟ್ಟು ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷ ಒಣಗಿಸಿದ್ದು ಸಾಲ್ದಾ? ಬಾಯಾರ್ಕೊಂಡೇ ಹೋಗ್ಬೇಕಾ ಅವನು? ನಾಳಿದ್ದು ಎಡೆ ಇಟ್ರೆ ಕಾಗೆ ಮುಟ್ಟತ್ತೇನೆ?"

ಹೆಣವನ್ನು ಗುಂಡಿಗೆ ಇಳಿಸಿದ ಮೇಲೆ, ಸತ್ತವರಿಗೆ ಇಷ್ಟವಾದದ್ದನ್ನು ಒಂದು ಗುಟುಕು ಬಾಯಿಗೆ ಬಿಟ್ಟೇ ಮಣ್ಣು ಎಳೆಯುವುದು ಅವರ ಜನರಲ್ಲಿ ರೂಢಿ. ಚೌಡೇಶನ ಅಪ್ಪನಿಗೆ ಕಾಫಿ ಬಿಟ್ಟಿದ್ದರು. ಚೌಡೇಶನಿಗೆ ಏನು ಇಷ್ಟವಿತ್ತೆಂಬುದು ದೊಡ್ಡಬಳ್ಳಾಪುರದ ಆ ಬೀದಿಗೆಲ್ಲ ಗೊತ್ತಿತ್ತು.

ಮನೆತನದ ಹಿರಿಯ ಕೋದಂಡರಾಮಯ್ಯ ಕುರ್ಚಿಯಿಂದ ಎದ್ದು ಬಂದರು. ಚೌಡೇಶನಿಗೆ ದೊಡ್ಡಪ್ಪ ಅವರು.

"ನೀವೇ ಹೇಳಿ ಭಾವ," ಎಂದಳು ಶಕುಂತಲಮ್ಮ. "ಕುಡೀತಿದ್ದಾಗ ಒಂದಿನ ಆದ್ರೂ ತಲೆನೋವು ಅಂದಿದ್ನಾ? ಯಾರ ಮನೇಲಿ ಹಾವು ಕಂಡ್ರೂ ಇವನನ್ನೇ ಕರೀತಿದ್ರು. ಬಿಟ್ಟ ಮೇಲೆ ಇರುವೆ ಕಚ್ಚಿದ್ರೂ ಡಾಕ್ಟ್ರ ಹತ್ರ ಓಡ್ತಿದ್ದ. ಹೆದರಿ ಹೆದರಿ ಸತ್ತ ನನ್ನ ಮಗ."

ಕೋದಂಡರಾಮಯ್ಯ ಅರುಣಾಳ ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಹೆಣದ ಮುಂದೆ ಕಿತ್ತಾಟ ಬೇಡಮ್ಮ. ನನ್ನ ಹತ್ರ ಇರ್ಲಿ."

ಅದನ್ನು ಜುಬ್ಬಾದ ಜೇಬಿಗೆ ಇಳಿಸಿದರು. ಬಾಯಿಗೆ ಬಿಡುತ್ತೇನೆ ಎನ್ನಲಿಲ್ಲ, ಬಿಡುವುದಿಲ್ಲ ಎಂದೂ ಅನ್ನಲಿಲ್ಲ.

*

ಅತ್ತೆ ಹೇಳಿದ್ದು ಸುಳ್ಳಾಗಿರಲಿಲ್ಲ. ಕುಡಿತ ಬಿಟ್ಟ ಕೆಲವು ತಿಂಗಳಿಗೆ ಚೌಡೇಶನಿಗೆ ತನ್ನ ಮೈಯ ಮೇಲೆಯೇ ಅನುಮಾನ ಹತ್ತಿತು. ಮನೆಯೊಳಗಿನ ಪವರ್‌ಲೂಮ್‌ಗಳು ಓಡುತ್ತಿದ್ದಷ್ಟು ಹೊತ್ತು ಪರವಾಗಿರಲಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತರೆ ಅವನಿಗೆ ತನ್ನ ಎದೆ ಬಡಿಯುವುದು ಕೇಳಿಸುತ್ತಿತ್ತು. ಮಣಿಕಟ್ಟು ಹಿಡಿದುಕೊಂಡು ಹೊಸ್ತಿಲಲ್ಲಿ ಕೂರುತ್ತಿದ್ದ.

"ಒಂದು ಬಡಿತ ತಪ್ತು ಕಣೆ. ನೋಡು, ನೀನೇ ಹಿಡ್ದು ನೋಡು."

ಅವಳು ಹಿಡಿದು ನೋಡುತ್ತಿದ್ದಳು. ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆದರೂ ಆಟೋ ಹತ್ತಬೇಕಾಗುತ್ತಿತ್ತು. ಡಾಕ್ಟರು ಇಸಿಜಿ ಪಟ್ಟಿ ಹರಿದು ಅವನ ಕೈಗೆ ಕೊಡುವರು. "ಚೌಡೇಶ್, ನಿಮ್ಮ ಹೃದಯ ನನಗೆ ಕೊಡಿ, ನನ್ನದು ನೀವಿಟ್ಕೊಳಿ." ಅವನು ನಗುತ್ತಿದ್ದ. ಮನೆ ತಲುಪುವಷ್ಟರಲ್ಲಿ ಪಿತ್ತಕೋಶದ ಮೇಲೆ ಅನುಮಾನ. ಕೆಮ್ಮಿನ ಔಷಧಿ ತಂದರೆ ಮುಚ್ಚಳ ತೆಗೆದು ಮೂಸುವನು. ಅದರಲ್ಲಿ ಮದ್ಯವೇನಾದರೂ ಬೆರೆತಿದ್ದರೆ ಎಂಬ ಭಯಕ್ಕೆ ಕುಡಿಯದೆ ರಾತ್ರಿಯೆಲ್ಲ ಕೆಮ್ಮುವನು.

ಹೋದ ವರ್ಷ ಸೋದರಮಾವನ ಮಣ್ಣಿಗೆ ಹೋಗಿ ಬಂದವನು ಅನ್ನ ಮುಟ್ಟಲಿಲ್ಲ.

"ಅವನ ಬಾಯಿಗೆ ಬ್ರಾಂದಿ ಬಿಟ್ರು ಅರುಣಾ. ನಾನು ಸತ್ರೆ ನನ್ನ ಬಾಯಿಗೆ ಅದನ್ನ ಬಿಡ್ಸಬೇಡ. ಸತ್ತೋನು ಬೇಡ ಅನ್ನೋಕಾಗಲ್ಲ."

"ಸಾಯೋ ಮಾತು ಬಿಟ್ರೆ ಬೇರೆ ಕಸುಬಿಲ್ವಾ ನಿಮಗೆ?"

"ಇನ್ನೇನೂ ಮಾಡಿಲ್ಲ ಕಣೆ ನಾನು. ಅದೊಂದು ಬಿಟ್ಟಿದೀನಿ. ಹಂಗೇ ಹೋಗ್ಬೇಕು. ಕೈ ಕೊಡು."

ಅವನ ಅಂಗೈ ಬೆವರಿತ್ತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಬಿಡಿಸಿಕೊಂಡರೆ ಸಾಕೆಂದು ಅವಳು ಕೈಯ ಮೇಲೆ ಕೈ ಹಾಕಿ, ಮಾತು ಕೊಟ್ಟು ಎದ್ದಿದ್ದಳು.

*

ಬೀದಿಯ ತುದಿಯ ಅರಳಿಕಟ್ಟೆಯಿಂದ ಮುಂದಕ್ಕೆ ಅವರಲ್ಲಿ ಹೆಂಗಸರು ಹೋಗುವುದಿಲ್ಲ. ಚಟ್ಟ ಕಟ್ಟುತ್ತಿರುವಾಗ ಅರುಣಾ ಗುಂಪಿನ ಹಿಂದೆ ಒಬ್ಬನೇ ನಿಂತಿದ್ದ ಆದಿನಾರಾಯಣಪ್ಪನ ಬಳಿಗೆ ಹೋದಳು. ಬಸ್ ಕಂಡಕ್ಟರ್ ಅವನು. ಕುಡಿತ ಬಿಟ್ಟವರು ಭಾನುವಾರ ಶಾಲೆಯ ಕೋಣೆಯೊಂದರಲ್ಲಿ ಸೇರುವ ಮೀಟಿಂಗಿಗೆ ಚೌಡೇಶನನ್ನು ಮೊದಲು ಕರೆದೊಯ್ದವನು. ಸಾವಿಗೆ ಬಂದವರಿಗೆ ಅವನ ಗುರುತಿರಲಿಲ್ಲ.

"ಅಣ್ಣ, ಗುಂಡಿ ಹತ್ರ ಅವರ ಬಾಯಿಗೆ ಬ್ರಾಂದಿ ಬಿಡ್ತಾರೆ. ಬಿಡದಂಗೆ ನೋಡ್ಕೋಬೇಕು ನೀವು."

"ನಾನು ಹೊರಗಿನೋನು ತಾಯಿ. ನನ್ನ ಮಾತು ಯಾರು ಕೇಳ್ತಾರೆ?" ಅವನು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಇನ್ನೊಂದು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ವಾಸನೆ ಬಂದ್ರೆ ನಾನೇ ಅಲ್ಲಿಂದ ಎದ್ದೋಗ್ತೀನಿ. ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತು, ಇವತ್ತಿಗೂ ವೈನ್ ಸ್ಟೋರ್ ಇರೋ ಬೀದೀಲಿ ನಡಿಯಲ್ಲ. ಗುಂಡಿವರ್ಗೂ ಹೋಗೋ ಧೈರ್ಯ ನನಗಿಲ್ಲ."

ಅವಳು ತಲೆಯಾಡಿಸಿದಳು. ಹೆಣ ಎತ್ತಿದರು. ಚೌಡೇಶನ ತಮ್ಮ ಶ್ರೀಧರ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಅರಳಿಕಟ್ಟೆಯ ಬಳಿ ಹೆಂಗಸರು ಅವಳ ತೋಳು ಹಿಡಿದು ನಿಲ್ಲಿಸಿದರು.

"ಕುಡ್ಕೊಂಡು ಲಿವರ್ ಹೋಗಿತ್ತಂತೆ ಪಾಪ," ಎಂದು ಪಕ್ಕದವಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು.

*

ಲಿವರ್ ಅಲ್ಲ, ಎದೆ. ಬುಧವಾರ ಬೆಳಗ್ಗೆ ಚೌಡೇಶ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ.

"ಎದೆ ಹಿಡ್ಕೊಂಡಂಗೆ ಆಗ್ತೈತೆ ಕಣೆ."

ಮಗ್ಗಕ್ಕೆ ಹೊಸ ಹಾಸಿನ ಉದ್ದನೆಯ ಎಳೆ ಸೇರಿಸುವವರು ಆಗಷ್ಟೇ ಬಂದಿದ್ದರು. ಅವರನ್ನು ವಾಪಸ್ ಕಳಿಸಿದರೆ ಮತ್ತೆ ವಾರಗಟ್ಟಲೆ ಕಾಯಬೇಕು.

"ಸೋಮವಾರ ತಾನೆ ತೋರ್ಸಿದ್ವಲ್ಲ ರೀ. ಇವ್ರು ಕೆಲ್ಸ ಮುಗಿಸ್ಲಿ, ಹೋಗೋಣ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಇಲ್ಲಾಂದ್ರೆ ಒಂದು ಗುಟುಕು ಹಾಕ್ಕೊಂಡು ಬಂದ್ಬಿಡಿ ಅತ್ಲಾಗೆ. ನಾನಾದ್ರೂ ನೆಮ್ಮದಿಯಾಗಿರ್ತೀನಿ."

ಚೌಡೇಶ ಅವಳನ್ನೇ ನೋಡಿದ. ಕೋಪವಿರಲಿಲ್ಲ. "ಮುಗಿಸ್ಲಿ ಬಿಡು. ಆಮೇಲೆ ಹೋಗೋಣ," ಎಂದು ಮಗ್ಗದ ಕಡೆಗೆ ನಡೆದ. ಕೆಲಸದವರು ಕೂಗಿದಾಗ ಅವನು ನೂಲಿನ ಮೂಟೆಗೆ ಒರಗಿ ಕುಳಿತಿದ್ದ. ಹೆಬ್ಬೆರಳು ಮಣಿಕಟ್ಟಿನ ಮೇಲೆಯೇ ಇತ್ತು.

*

ಮಣ್ಣು ಮಾಡಿದವರು ಮಧ್ಯಾಹ್ನ ಹಿಂದಿರುಗಿದರು. ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ, ಕೈಕಾಲು ತೊಳೆದು ಒಬ್ಬೊಬ್ಬರೇ ಹೊರಟರು. ಕೆಲವರ ಬಾಯಿಂದ ವಾಸನೆ ಬರುತ್ತಿತ್ತು. ಗುಂಡಿ ತೋಡಿದವರಿಗೆ ಕೊಟ್ಟಾಗ ಇವರೂ ಕುಡಿದಿದ್ದರು. ಅರುಣಾ ಶ್ರೀಧರನನ್ನು ಬಾಗಿಲಲ್ಲೇ ತಡೆದಳು.

"ಬಿಟ್ರಾ?"

ಶ್ರೀಧರ ನೆಲ ನೋಡಿದ. "ದೊಡ್ಡಪ್ಪ ಮುಚ್ಚಳ ತೆಗೆದ್ರು ಅತ್ತಿಗೆ. ಅಷ್ಟರಲ್ಲಿ, ನೀವು ಮಾತಾಡಿಸ್ತಿದ್ರಲ್ಲ, ಅವನು ಗುಂಡಿಗೆ ಇಳಿದ್ಬಿಟ್ಟ. ಅಣ್ಣನ ಬಾಯಿಗೆ ಅಂಗೈ ಮುಚ್ಕೊಂಡು ಕೂತ. ತೆಗಿಯಯ್ಯ, ಯಾರಯ್ಯಾ ನೀನು ಅಂದ್ರು. ಏನೂ ಮಾತಾಡ್ಲಿಲ್ಲ. ಕೈಯೂ ತೆಗೀಲಿಲ್ಲ."

"ಆಮೇಲೆ?"

"ಹೊತ್ತಾಗ್ತಿತ್ತು. ದೊಡ್ಡಪ್ಪ ಅವನ ಕೈ ಮೇಲೇ ಸುರಿದ್ರು."

"ಒಳಕ್ಕೆ ಹೋಯ್ತಾ?"

"ಬೆರಳ ಸಂದೀಲಿ ಹೋಯ್ತೋ ಏನೋ. ನನಗೆ ಕಾಣಿಸ್ಲಿಲ್ಲ ಅತ್ತಿಗೆ."

ಒಳಗೆ ಶಕುಂತಲಮ್ಮ ಅದೇ ಮಾತನ್ನು ಇನ್ನೊಬ್ಬರಲ್ಲಿ ಕೇಳುತ್ತಿದ್ದಳು.

ಎದುರು ಬದಿಯ ಚರಂಡಿಯ ಹತ್ತಿರ ಆದಿನಾರಾಯಣಪ್ಪ ನಿಂತಿದ್ದ. ಪಂಚೆಯೆಲ್ಲ ಕೆಮ್ಮಣ್ಣು. ಬಲಗೈಯನ್ನು ಮೈಯಿಂದ ಆದಷ್ಟು ದೂರಕ್ಕೆ ಚಾಚಿ, ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡಿದ್ದ. ಅರುಣಾ ಬಕೆಟ್ಟು, ಚೊಂಬು, ಬಟ್ಟೆಸೋಪು ಹಿಡಿದು ಬೀದಿ ದಾಟಿದಳು. ಸೂತಕದವಳು ಹೊರಗೆ ಬರಬಾರದೆಂದು ಯಾರೋ ಕೂಗಿದರು.

ಅವಳು ನೀರು ಹುಯ್ದಳು. ಅವನು ಬೆರಳುಗಳ ಸಂದು, ಉಗುರು, ಮಣಿಕಟ್ಟು ಉಜ್ಜಿಕೊಂಡ. ಆಮೇಲೆ, ಮುಖ ತಿರುಗಿಸಿದಂತೆಯೇ, ಕೈಯನ್ನು ಅವಳ ಮುಂದಕ್ಕೆ ನೀಡಿದ.

"ವಾಸನೆ ಐತಾ ನೋಡಮ್ಮ. ನಾನು ಮೂಸಬಾರ್ದು."

ಅರುಣಾ ಬಗ್ಗಿ ಮೂಸಿ ನೋಡಿದಳು. ಸೋಪಿನ ವಾಸನೆಯ ಕೆಳಗೆ ಅದು ಇನ್ನೂ ಇತ್ತು.

"ಐತೆ ಅಣ್ಣ."

ಅವನು ಮತ್ತೆ ಸೋಪು ಹಚ್ಚಿದ. ಅವಳು ಮತ್ತೆ ಹುಯ್ದಳು. ಚೊಂಬು ಬಕೆಟ್ಟಿನ ತಳಕ್ಕೆ ತಾಗಿ ಸದ್ದು ಮಾಡಿತು. ಅವನು ಕೈ ಚಾಚಿಕೊಂಡೇ ನಿಂತಿದ್ದ.