ಕಿವುಡ ದಂಡನಾಯಕನ ಮೇಷ್ಟ್ರು

ಸೈನ್ಯಾಧಿಕಾರಿಗಳ ತರಬೇತಿ ಶಾಲೆಯಲ್ಲಿ ಯುದ್ಧಚರಿತ್ರೆ ಹೇಳುತ್ತಿದ್ದ ಮೇಷ್ಟ್ರು ನಡೆಯುವಾಗ ತಲೆ ಮೊದಲು ಹೋಗುತ್ತಿತ್ತು, ಕಾಲು ಆಮೇಲೆ ಬರುತ್ತಿತ್ತು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಕತ್ತನ್ನು ಮುಂದಕ್ಕೆ ಚಾಚಿ, ದೊಡ್ಡ ದಂಡೊಂದು ತಮ್ಮ ಅಪ್ಪಣೆಗಾಗಿಯೇ ಬೀದಿಯ ತುದಿಯಲ್ಲಿ ನಿಂತಿದೆಯೇನೋ ಎಂಬ ಗಾಂಭೀರ್ಯದಿಂದ ಅವರು ತರಕಾರಿ ಅಂಗಡಿಗೆ ಹೋಗಿಬರುತ್ತಿದ್ದರು. ಬಂದೂಕನ್ನು ಮಾತ್ರ ಮುಟ್ಟಿದವರೇ ಅಲ್ಲ. ಪ್ರಾಯದಲ್ಲಿ ಸೈನ್ಯಕ್ಕೆ ಸೇರಲು ಹೋದಾಗ, ಕಣ್ಣಿನ ಪರೀಕ್ಷೆಯಲ್ಲಿ ಅಕ್ಷರಗಳ ಮಾತಿರಲಿ, ಅಕ್ಷರ ಬರೆದ ಹಲಗೆಯೇ ಕಾಣಲಿಲ್ಲವೆಂದು ಹೇಳಿಕೊಂಡು ನಗುತ್ತಿದ್ದರು. ಆ ನಗು ಬೇಗ ಮುಗಿಯುತ್ತಿತ್ತು.

ಚರಿತ್ರೆಯ ಮಹಾ ಸೇನಾನಿಗಳೆಲ್ಲ ಅವರಿಗೆ ಹತ್ತಿರದ ನೆಂಟರು. ಒಬ್ಬ ತನ್ನ ಸೈನಿಕರ ಬೂಟಿನ ಅಟ್ಟೆಯನ್ನು ತಾನೇ ತಿರುವಿ ನೋಡುತ್ತಿದ್ದನಂತೆ. ಇನ್ನೊಬ್ಬ ಸೋತ ದಿನವೂ ಮುಖ ಬಾಡಿಸಿಕೊಳ್ಳದೆ ಎಲ್ಲರೊಂದಿಗೆ ಊಟಕ್ಕೆ ಕೂರುತ್ತಿದ್ದನಂತೆ. ಶೌರ್ಯ ಎಲ್ಲರಲ್ಲೂ ಒಂದಿಷ್ಟಿರುತ್ತದೆ, ಗೆಲ್ಲಿಸುವುದು ಇಂಥ ಸಣ್ಣ ಸಂಗತಿಗಳೇ ಎಂಬುದು ಅವರ ವಾದ. ಕಥೆ ಕುದಿಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಕನ್ನಡಕ ತೆಗೆದು, ಏನೂ ಕಾಣದ ಆ ಕಣ್ಣುಗಳನ್ನು ತರಗತಿಯ ಮೇಲೆ ನೆಟ್ಟು, "ಈಗ ನೀವಾಗಿದ್ರೆ?" ಎಂದು ಕೇಳುವುದು ಅವರ ಚಾಳಿ. ಯುವಕರು ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಅವರ ಎಲ್ಲ ಪಾಠಗಳಿಗೂ ಕಿರೀಟವೆಂದರೆ ಕಿವುಡ ದಂಡನಾಯಕನ ಪಾಠ. ಹಳೆಯ ಕಾಲದ ಆ ಸೇನಾನಿಗೆ ಎರಡು ಕಿವಿಯೂ ಕೇಳುತ್ತಿರಲಿಲ್ಲವಾದ್ದರಿಂದ ಹೊಗಳುಭಟ್ಟರ ಕಾಟವಿರಲಿಲ್ಲ, ಎಲ್ಲವನ್ನೂ ತಾನೇ ಹೋಗಿ ಕಣ್ಣಾರೆ ನೋಡಬೇಕಾಗಿತ್ತು ಎಂದು ಶುರುಮಾಡಿದರೆ ತರಗತಿ ನಗುತ್ತಿತ್ತು. ಅನಂತರ ಮೇಷ್ಟ್ರು ಮರಳು ತುಂಬಿದ ದೊಡ್ಡ ಮೇಜಿನ ಬಳಿ ಬರುತ್ತಿದ್ದರು. ಅದರ ಮೇಲೆ ಮರಳಿನ ಗುಡ್ಡ, ಬೆಂಕಿಪೊಟ್ಟಣದ ಕೋಟೆ, ನಡುವೆ ನದಿಯಾಗಿ ಹಾಸಿದ ನೀಲಿ ದಾರ. ಬೆಳಕು ಹರಿಯುವ ಮುಂಚೆ ಇಡೀ ದಂಡು ಹೇಗೆ ತುಟಿಪಿಟಕ್ಕೆನ್ನದೆ ನೀರಿಗಿಳಿಯಿತು, ಎದುರು ದಡದವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಹೇಗೆ ಗುಡ್ಡ ಏರಿತು ಎಂಬುದನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳುವಾಗ, ಅವರ ಸಣಕಲು ಬೆರಳೇ ಸಾವಿರ ಸೈನಿಕರಾಗಿ ದಾರವನ್ನು ದಾಟುತ್ತಿತ್ತು. ಬೇರೆ ಶಾಲೆಗಳವರೂ ಬಂದು ಕೇಳಿ ಹೋಗುತ್ತಿದ್ದರು.

ಆ ಕಥೆಗೆ ಇನ್ನೊಂದು ಭಾಗವಿತ್ತು. ದಾಟುವ ಮುನ್ನ ಆ ಸೇನಾನಿ ಮಳೆಗಾಲವಿಡೀ ದಡದಲ್ಲಿ ಸುಮ್ಮನೆ ಕಾದಿದ್ದ. ನದಿಯ ಈಚೆ ದಡದ ಜೌಗಿನಲ್ಲಿ ದಿನಾ ಬೆಳಿಗ್ಗೆ ಒಂದು ಕೋಲು ಊರಿ, ಅದೆಷ್ಟು ಹೂತುಹೋಗುತ್ತದೆಂದು ನೋಡಿ, ಡೇರೆಗೆ ಮರಳುತ್ತಿದ್ದ. ಕೈಕೆಳಗಿನವರು ಹೇಡಿಯೆಂದು ಆಡಿಕೊಂಡರೂ ಅದು ಕಿವಿಗೆ ಬೀಳಲಿಲ್ಲ. ನೆಲ ಗಟ್ಟಿಯಾದ ಮೇಲಷ್ಟೇ ಹೊರಟ. ಮೇಷ್ಟ್ರು ಮೊದಮೊದಲು ಇದನ್ನೂ ವಿವರವಾಗಿ ಹೇಳುತ್ತಿದ್ದರು. ಆದರೆ ಕಾಯುವ ಕಥೆಯಲ್ಲಿ ಏನು ನಡೆಯುತ್ತದೆ? ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯೇ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿ, ಬೇಗ ಯುದ್ಧಕ್ಕೆ ಬನ್ನಿ ಎಂದಿದ್ದ. ಜೌಗನ್ನು ಮೇಜಿನ ಮೇಲೆ ತೋರಿಸೋಣವೆಂದರೆ ನೀರು ಸುರಿದ ಕಡೆ ಗುಡ್ಡವೇ ಕುಸಿಯುತ್ತಿತ್ತು. ಹೀಗೆ ವರ್ಷದಿಂದ ವರ್ಷಕ್ಕೆ ಸವೆದು ಸವೆದು ಆ ಮಳೆಗಾಲವೆಲ್ಲ 'ಸಮಯ ನೋಡಿ' ಎಂಬ ಎರಡು ಪದಗಳಾಗಿ ಉಳಿಯಿತು.

ಮೇಷ್ಟ್ರಿಗೆ ಮದುವೆಯಿಲ್ಲ. ಗಂಡ ತೀರಿಕೊಂಡ ಅಕ್ಕನೂ ಅವಳ ಒಬ್ಬನೇ ಮಗನೂ ಅವರೊಂದಿಗಿದ್ದರು. ಚಿಕ್ಕಂದಿನಿಂದ ಮಾವನ ಬಾಯಲ್ಲಿ ಈ ಕಥೆಗಳನ್ನೇ ಕೇಳಿ ಬೆಳೆದ ಆ ಹುಡುಗ ಬೇರೇನಾಗಲು ಸಾಧ್ಯ? ಅದೇ ಶಾಲೆಗೆ ಸೇರಿ, ಮುಂದಿನ ಬೆಂಚಿನಲ್ಲಿ ಕೂತು, ಕಿವುಡ ದಂಡನಾಯಕ ನದಿ ದಾಟುವುದನ್ನು ಇನ್ನೊಮ್ಮೆ ಮೈಯೆಲ್ಲ ಕಿವಿಯಾಗಿ ಕೇಳಿದ. ಸಮವಸ್ತ್ರ ತೊಟ್ಟು ಬಂದು ಕಾಲಿಗೆರಗಿದಾಗ ಮೇಷ್ಟ್ರ ಕಣ್ಣುಗಳು ತುಂಬಿದ್ದವು. ಕೊಂಚ ಹೊಟ್ಟೆಕಿಚ್ಚೂ ಆಗಿರಬೇಕು.

ಯುದ್ಧ ಬಂತು. ಮೇಷ್ಟ್ರ ಹಳೆಯ ಶಿಷ್ಯನೊಬ್ಬ, ಆಗ ಕರ್ನಲ್, ಸುರಿಯುವ ಮಳೆಯಲ್ಲೇ ಒಂದು ನದಿ ದಾಟಿ ಆಚೆಯ ಗುಡ್ಡವನ್ನು ಹಿಡಿದ. ಪತ್ರಿಕೆಗಳಲ್ಲಿ ಅವನದೇ ಚಿತ್ರ. ಗುಡ್ಡ ಹತ್ತಿದವರಿಗಿಂತ ಈಚೆ ದಡದ ಕೆಸರಿನಲ್ಲಿ ಹೂತು, ಮುಂದೆ ಹೋಗಲಾರದೆ ಹಿಂದೆ ಬರಲಾರದೆ, ನಿಂತಲ್ಲೇ ಗುಂಡಿಗೆ ಬಲಿಯಾದವರೇ ಹೆಚ್ಚು ಎಂಬ ಸಂಗತಿ ಪತ್ರಿಕೆಗಳಲ್ಲಿ ಬರಲಿಲ್ಲ. ಸತ್ತವರ ಮನೆಗಳಿಗಷ್ಟೇ ಬಂತು. ಮೇಷ್ಟ್ರ ಮನೆಗೂ, ಅಕ್ಕನ ಹೆಸರಿಗೆ ಬಂತು.

ಕರ್ನಲ್ಲನನ್ನು ಶಾಲೆ ಕರೆಸಿ ಸನ್ಮಾನಿಸಿತು. ಅವನು ಕೆಟ್ಟವನಲ್ಲ. ವೇದಿಕೆಯ ಮೇಲೆ ಮೇಷ್ಟ್ರನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಈ ಗೆಲುವು ಇವರದು ಎಂದ. ಚಪ್ಪಾಳೆ ನಿಲ್ಲಲಿಲ್ಲ. ಆ ಗದ್ದಲದಲ್ಲಿ ಮೇಷ್ಟ್ರು ಅವನ ಕಿವಿಯ ಬಳಿ ಬಾಗಿ, ಕೆಸರು ಎಷ್ಟಿತ್ತೆಂದು ಕೇಳಿದರು.

"ಸೊಂಟದ ತನಕ ಸರ್. ಹುಡುಗರು ಹಿಂಜರಿದ್ರು. ನಿಮ್ಮ ಅಳಿಯಾನೇ ಮುಂದೆ ಬಂದು, ಕಿವುಡ ದಂಡನಾಯಕ ಕೆಸರು ನೋಡ್ಕೊಂಡು ಕೂತಿದ್ನಾ ಅಂದ. ಅಷ್ಟು ಸಾಕಾಯ್ತು, ಎಲ್ಲರೂ ಇಳಿದ್ರು."

ಮೇಷ್ಟ್ರು ವೇದಿಕೆಯಿಂದ ಹೇಗೆ ಇಳಿದರೋ, ಮನೆಗೆ ಹೇಗೆ ಬಂದರೋ. ಅಕ್ಕ ಅಡುಗೆಮನೆಯಲ್ಲಿ ನೆಲ ಒರೆಸುತ್ತಿದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಮಳೆಗಾಲ, ಕೋಲು, ಆಕಳಿಸಿದ ಅಧಿಕಾರಿ, ಏನನ್ನೂ ಮುಚ್ಚಿಡಲಿಲ್ಲ. ಅವಳು ಅಳುತ್ತಾಳೆ, ಶಪಿಸುತ್ತಾಳೆ ಎಂದುಕೊಂಡಿದ್ದರು. ಅವಳು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು.

"ಬೇಜಾರಾಗುತ್ತೆ ಅಂತ ಬಿಟ್ಬಿಟ್ಯಾ?" ಎಂದಳು.

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಈಗಿರೋ ಹುಡುಗರಿಗಾದ್ರೂ ಪೂರ್ತಿ ಹೇಳು. ಅವರಿಗೂ ಮನೇಲಿ ಯಾರಾದ್ರೂ ಇರ್ತಾರೆ."

ಯುದ್ಧ ಮುಗಿದಿರಲಿಲ್ಲ, ತರಬೇತಿ ಮೊಟಕುಗೊಳಿಸಿ ಆ ತಂಡವನ್ನು ಗಡಿಗೆ ಕಳಿಸುವವರಿದ್ದರು. ಮಾರನೆಯ ದಿನದ ತರಗತಿಯೇ ಕೊನೆಯದು. ಮೇಷ್ಟ್ರು ದಾರ ತೆಗೆದಿಟ್ಟು, ಬರೀ ಕಾಯುವುದರ ಬಗ್ಗೆ ಹೇಳತೊಡಗಿದರು. ದಿನಾ ಊರಿದ ಕೋಲು, ಡೇರೆಯೊಳಗೆ ಬೂಷ್ಟು ಹಿಡಿದ ಬಟ್ಟೆ, ಗೊಣಗುವ ಸೈನಿಕರು. ಹೇಳುತ್ತಾ ಹೋದಂತೆ ಅವರಿಗೇ ತಿಳಿಯಿತು, ಕಥೆ ಏಳುತ್ತಿಲ್ಲ. ಯಾರೋ ಕುರ್ಚಿ ಎಳೆದರು. ಯಾರೋ ಕಿಟಕಿಯಾಚೆ ನೋಡಿದರು. ಹಿಂದೆ ಕೂತಿದ್ದ ಶಾಲೆಯ ಮುಖ್ಯಸ್ಥರು ಮೆಲ್ಲಗೆ, "ಹೋಗೋ ಹುಡುಗರಿಗೆ ಒಂಚೂರು ಹುರುಪು ಬರಲಿ ಮೇಷ್ಟ್ರೇ" ಎಂದರು. ಮೇಷ್ಟ್ರು ಕೇಳದವರಂತೆ ಇನ್ನೆರಡು ವಾಕ್ಯ ಹೇಳಿದರು. ಆಮೇಲೆ, ಆ ಮುಖಗಳು ತಮ್ಮಿಂದ ಜಾರಿಹೋಗುವುದನ್ನು ಸಹಿಸಲಾರದೆ, 'ಬೆಳಕು ಹರಿಯುವ ಮುಂಚೆ' ಎಂದುಬಿಟ್ಟರು. ಅಷ್ಟೇ. ನಾಲಿಗೆಗೆ ದಾರಿ ಗೊತ್ತಿತ್ತು. ಬೆನ್ನುಗಳು ನೆಟ್ಟಗಾದವು, ಕಣ್ಣುಗಳು ಹೊಳೆದವು. ಗುಡ್ಡ ಏರುವ ಹೊತ್ತಿಗೆ ಇಡೀ ತರಗತಿ ಎದ್ದು ನಿಂತಿತ್ತು.

ಸಂಜೆ ಅಕ್ಕ, ಹೇಳಿದೆಯಾ ಎಂದು ಕೇಳಿದಳು. ಹೇಳಿದೆ ಎಂದರು. ಹುಡುಗರು ಕೇಳಿದರಾ ಎಂದಳು. ತುಂಬಾ ಚೆನ್ನಾಗಿ ಕೇಳಿದರು ಎಂದರು. ಅವಳು ಅದೆಷ್ಟೋ ದಿನಗಳ ಮೇಲೆ ಎರಡು ತುತ್ತು ಹೆಚ್ಚು ಉಂಡಳು.

ಇಂಥವರು ದುಷ್ಟರಲ್ಲ, ದುಷ್ಟರಾಗಿದ್ದರೆ ಗುರುತು ಹಿಡಿಯುವುದು ಸುಲಭವಿತ್ತು. ಗೆಲುವನ್ನು ಎಂದೂ ಕಾಣದೆ ಅದನ್ನು ಪ್ರೀತಿಸಿದವರು, ಪ್ರೀತಿಸಿದ್ದನ್ನು ಚಂದಗೊಳಿಸದೆ ಇರಲಾರದವರು. ಮಹಾ ಸೇನಾನಿಗಳು ಸತ್ತು ಮಣ್ಣಾದ ಮೇಲೂ ಅವರ ದಂಡುಗಳಿಗೆ ಜನ ಸೇರುತ್ತಲೇ ಇರುವುದು ಇಂಥವರಿಂದ. ಸೇರಿಕೊಂಡವರಾರಿಗೂ ಸೇನಾನಿಯ ತಾಳ್ಮೆ ಸಿಗುವುದಿಲ್ಲ, ಅವನ ನದಿ ಮಾತ್ರ ಸಿಗುತ್ತದೆ.