ತೊಳೆಯದ ದ್ರಾಕ್ಷಿ

ಉಪ್ಪಿನಕಾಯಿಯ ಗಡಿಗೆಯನ್ನು ಹಿತ್ತಲ ತಿಪ್ಪೆಯ ಮೇಲೆ ಒಡೆದು ವಿಮಲಾಬಾಯಿ ಒಳಗೆ ಬಂದಳು. ಪಡಸಾಲೆಯಲ್ಲಿ ಅವಳ ಗಂಡ ಪ್ರಾಣೇಶ, ತೀರಿಕೊಂಡ ತಾಯಿ ಪದ್ಮಾಬಾಯಿಯ ಬಾಯಿಗೆ ತುಳಸಿ ಇಡುತ್ತಿದ್ದ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಹಾನಗಲ್ಲಿನಿಂದ ಬಂದಿದ್ದ ಪದ್ಮಾಬಾಯಿಯ ತಮ್ಮ ನರಸಿಂಹ ಹಿತ್ತಲ ಬಾಗಿಲಲ್ಲಿ ನಿಂತು ಹುಕುಂ ನಡೆಸಿದ್ದ. ಸಾವಾದ ಮನೆಯ ಮಣ್ಣಿನ ಪಾತ್ರೆಗಳಿಗೆಲ್ಲ ಮೈಲಿಗೆ. ಒಂದೂ ಒಳಗೆ ಉಳಿಯಕೂಡದು. ಉಪ್ಪಿನಕಾಯಿ ಹೋಯಿತು, ತುಪ್ಪ ಹೋಯಿತು, ಹುಣಸೆಹಣ್ಣೂ ಹೋಯಿತು. ಉಳಿದದ್ದು ಒಳಕೋಣೆಯ ಭತ್ತದ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತಿಟ್ಟ ಒಂದೇ ಗಡಿಗೆ. ಬಾಣಂತಿಯರಿಗೆ ಶಕ್ತಿಗೆಂದು ಕೊಡುವ ದ್ರಾಕ್ಷಾಸವದ್ದು.

ಹಿತ್ತಲ ಗೋಡೆಯಾಚೆ ಖತೀಜಾಬಿ ಬೆಳಗಿನಿಂದ ನಿಂತಿದ್ದಳು. ಅವಳ ಮಗಳು ಮರಿಯಮಬಿ ಹೆತ್ತ ಮೇಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಊಟ ಸೇರದು, ಮೈಯಲ್ಲಿ ರಕ್ತವಿಲ್ಲ, ಕೂಸಿಗೆ ಹಾಲಿಲ್ಲ. ಯುದ್ಧದ ಕಾಲ, ಔಷಧದ ಬಾಟಲಿಗಳು ಸವಣೂರಿನವರೆಗೆ ಬರುವುದೇ ನಿಂತಿತ್ತು. ಈ ವಾರ ಗಡಿಗೆ ತೆರೆಯುತ್ತೇನೆ, ಮೊದಲ ಬಟ್ಟಲು ನಿನ್ನ ಮಗಳಿಗೇ ಎಂದು ಪದ್ಮಾಬಾಯಿ ಮಾತು ಕೊಟ್ಟಿದ್ದಳು. ಮಾತು ಕೊಟ್ಟವಳೇ ಹೊರಟುಬಿಟ್ಟಳು. ಹೆಣವಿರುವ ಮನೆಯಲ್ಲಿ ಬಾಯಿಬಿಟ್ಟು ಹೇಗೆ ಕೇಳುವುದು? ಖತೀಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ಪದ್ಮಾಬಾಯಿಯ ಮಡಿ ಊರಿಗೇ ಗೊತ್ತು. ಸೌದೆಯನ್ನೂ ತೊಳೆದು ಒಲೆಗೆ ಹಾಕುವ ಹೆಂಗಸು. ಆದರೆ ಖತೀಜಾಬಿಯ ಎಲೆತೋಟದ ಚಪ್ಪರದಿಂದ ಹಸಿರು ದ್ರಾಕ್ಷಿ ಬಂದರೆ ಅದಕ್ಕೆ ಮಾತ್ರ ನೀರು ಸೋಕಿಸುತ್ತಿರಲಿಲ್ಲ. ಮಡಿಯುಟ್ಟು, ಹಣ್ಣನ್ನು ಕೈಯಿಂದಲೇ ಕಿವುಚಿ, ಸಿಪ್ಪೆ ಬೀಜ ಸಮೇತ ಗಡಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುವಳು. ಕೇರಿಯ ಹೆಂಗಸರು ಮುಸಿಮುಸಿ ನಕ್ಕರೂ ಕ್ಯಾರೆ ಎನ್ನಲಿಲ್ಲ.

ಮದುವೆಯಾಗಿ ಬಂದ ವರ್ಷ ವಿಮಲಾ, ಅತ್ತೆ ಮರೆತಿರಬೇಕೆಂದುಕೊಂಡು, ಬುಟ್ಟಿಯ ಹಣ್ಣನ್ನೆಲ್ಲ ಬಾವಿಯ ನೀರಿನಲ್ಲಿ ಗಸಗಸ ತೊಳೆದಿಟ್ಟಳು. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ, ಪಾಪ. ಆ ವರ್ಷ ಗಡಿಗೆ ಗುಳುಗುಳು ಎನ್ನಲೇ ಇಲ್ಲ, ಬೂಸು ಹಿಡಿಯಿತು. ಅತ್ತೆ ಬೈಯಲಿಲ್ಲ. ಮುಂದಿನ ಬೆಳೆ ಬಂದಾಗ ಕರೆದು, ಹಣ್ಣಿನ ಮೇಲಿನ ಬೂದಿಯಂಥ ಪುಡಿಯನ್ನು ಉಗುರಿನಿಂದ ತೋರಿಸಿದಳು.

"ಇದಽ ನೋಡು ಹುಳಿ ಬರಸೂದು. ನಮ್ಮ ಮಡಿ ನಮ್ಮ ಮೈಗೆ. ಅದರ ಮಡಿ ಅದರ ಮೈಮ್ಯಾಲೇ ಅದ."

ವಿಮಲಾ ಹೆತ್ತು ಸೋತು ಮಲಗಿದಾಗ ಅವಳನ್ನು ಎಬ್ಬಿಸಿ ಕೂರಿಸಿದ್ದು ಜೇನಿನ ಬಣ್ಣದ ಆ ಒಗರು ರಸವೇ. ಕೇರಿಯಲ್ಲಿ ಅದನ್ನು ಕುಡಿಯದ ಬಾಣಂತಿಯಿರಲಿಲ್ಲ. ಹಾನಗಲ್ಲಿಗೂ ವರ್ಷಕ್ಕೊಂದು ಬಾಟಲಿ ಹೋಗುತ್ತಿತ್ತು. ನರಸಿಂಹನ ಹೆಂಡತಿ ಬಾಣಂತನ ದಾಟಿದ್ದೂ ಅದರಿಂದಲೇ.

*

ಆ ಆಸವದ ಗಡಿಗೆಯೂ ಹೊರಗೆ ಹೋಗಲಿ ಎಂದ ನರಸಿಂಹ. ವಿಮಲಾ ಭತ್ತ ಸರಿಸಿ ಗಡಿಗೆಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಹಿರಿಯರ ಮುಂದೆ ಎಂದೂ ಎದುರಾಡಿದವಳಲ್ಲ.

"ಹೊರಗ ಇಡ್ತೀನ್ರಿ, ಮಾಮಾ. ಒಡಿಯೂದಿಲ್ಲ. ಹೊರಗ ಹಾಕಿದ್ದು ನಮ್ಮದಲ್ಲ, ಬೇಕಾದವರು ಒಯ್ಲಿ. ಅತ್ತಿಯವರು ಮಾತು ಕೊಟ್ಟಾರ."

ನರಸಿಂಹ ಹುಬ್ಬು ಗಂಟಿಕ್ಕಿದ. ಗಡಿಗೆ ನೋಡಿದ, ಗೋಡೆಯಾಚೆಯ ಖತೀಜಾಬಿಯನ್ನು ನೋಡಿದ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

"ಸಾವಕಾಶ ಇಳಸು. ಅಲಗ್ಯಾಡಿದ್ರ ಗಸಿ ಏಳ್ತದ," ಎಂದ. ಅಕ್ಕನ ನೆನಪಾಯಿತು. ಶಲ್ಯದಲ್ಲಿ ಮುಖ ಮುಚ್ಚಿಕೊಂಡ.

ವಿಮಲಾ ಗಡಿಗೆಯನ್ನು ಮೆಟ್ಟಿಲಾಚೆ ಇಟ್ಟು ಹಿಂದೆ ಸರಿದಳು. ಸಿಪ್ಪೆಯನ್ನು ಹಿಂಡಬಾರದು, ಒಗೆದ ಬಟ್ಟೆಯಲ್ಲಿ ತಾನಾಗಿಯೇ ಸೋರಲಿ, ಉಂಡ ಮೇಲೆ ಅರ್ಧ ಬಟ್ಟಲು ಸಾಕು ಎಂದು, ಗೋಡೆ ಬಳಸಿ ಬಂದ ಖತೀಜಾಬಿಗೆ ಬಿಡಿಸಿ ಹೇಳಿದಳು. ಹೇಳುತ್ತಿದ್ದಂತೆ ಇದೆಲ್ಲ ಅತ್ತೆಯ ಮಾತುಗಳೇ ಎಂದು ಹೊಳೆದು ಕಣ್ಣು ತುಂಬಿ ಬಂತು.

"ಮಗಳು ಏಳ್ತಾಳ್ರಿ, ಬಾಯಾರ?" ಎಂದಳು ಖತೀಜಾಬಿ.

"ಏಳ್ತಾಳ. ನಾ ಎದ್ದಿಲ್ಲೇನು?"

ಅಷ್ಟರಲ್ಲಿ ಮುಂಬಾಗಿಲಲ್ಲಿ ಗೋವಿಂದ, ಗೋವಿಂದ ಎಂಬ ದನಿ ಎದ್ದಿತು. ನರಸಿಂಹ ಅತ್ತ ಧಾವಿಸಿದ. ವಿಮಲಾ ನಡುಮನೆಯಲ್ಲಿ ನಿಂತಳು; ಅಲ್ಲಿಂದ ಎರಡೂ ಬಾಗಿಲು ಕಾಣುತ್ತಿದ್ದವು. ಮುಂಬಾಗಿಲಿನಿಂದ ಚಟ್ಟ ಹೆಗಲೇರಿ ಹೊರಟಿತು. ಹಿತ್ತಲಿನಿಂದ ಖತೀಜಾಬಿ ಗಡಿಗೆಯನ್ನು ತಲೆಯ ಮೇಲಿಟ್ಟು, ಒಂದು ಕೈ ಅದಕ್ಕೆ ಆನಿಸಿ, ಅಲುಗದಂತೆ ಹೆಜ್ಜೆಯ ಮುಂದೆ ಹೆಜ್ಜೆಯಿಡುತ್ತ ಹೊರಟಿದ್ದಳು. ವಿಮಲಾ ಹಿತ್ತಲ ಬಾಗಿಲ ಕಡೆ ತಿರುಗಿ ಕೈಮುಗಿದಳು.