ಆ ಮಾತ್ರೆಗೂ ವಿಮೆಯಿದೆ

ತೊಮೊನೊರಿಯ ಮನೆಯಲ್ಲಿ ಮಗುವಿನ ಮಾತು ಎದ್ದಾಗಲೆಲ್ಲ ಎಲ್ಲರ ಕಣ್ಣೂ ಅವನ ಹೆಂಡತಿ ಚಿಹಾರುವಿನ ಕಡೆಗೇ ತಿರುಗುತ್ತಿತ್ತು. "ಹೊಟ್ಟೆಗೆ ಥಂಡಿ ಹಿಡಿದ್ರೆ ಮಗು ಎಲ್ಲಿ ನಿಲ್ಲುತ್ತಮ್ಮ?" ಎಂದು ಅತ್ತೆ ಉಣ್ಣೆಯ ಪಟ್ಟಿ ಹೆಣೆದು ಸೊಸೆಯ ಹೊಟ್ಟೆಗೆ ಕಟ್ಟಿಸಿದ್ದಳು. ಆಗಸ್ಟಿನ ಸೆಖೆಯಲ್ಲೂ ಅವಳು ಅದನ್ನು ಕಟ್ಟಿಕೊಂಡೇ ಮೀನು ಸುಡುತ್ತಿದ್ದಳು, ಒಬ್ಬಳೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಹಾಸಿಗೆಯಲ್ಲಿ ತನ್ನ ದೇಹವೇ ತನ್ನ ಮಾತು ಕೇಳುತ್ತಿಲ್ಲವೆಂದು ತೊಮೊನೊರಿಗೆ ಗೊತ್ತಿತ್ತು. ಹೇಳಲು ನಾಚಿಕೆ. ಪಾಪ, ಅವಳೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಒಂದು ಸಂಜೆ, ಊರಿನ ಗಂಡಸರೆಲ್ಲ ಒಂದೇ ಬಿಸಿನೀರಿನ ತೊಟ್ಟಿಗಿಳಿಯುವ ಸಾರ್ವಜನಿಕ ಸ್ನಾನದ ಮನೆಯಲ್ಲಿ, ಅವನ ಜೊತೆ ದೋಣಿಯಲ್ಲಿ ದುಡಿಯುವ ಮಸುವೊ ಬಿಸಿನೀರಿನಲ್ಲೇ ಪಕ್ಕಕ್ಕೆ ಸರಿದು ಬಂದ.

"ಏನೋ ತೊಮೊ, ಈಗಷ್ಟೇ ನೀರಿಗಿಳಿದಿದ್ದೀಯ, ಆಗ್ಲೇ ಮುಖ ಇಷ್ಟು ಕೆಂಪು?"

"ಮಾತ್ರೆ ಅಣ್ಣ. ಫೋನಲ್ಲಿ ತರಿಸಿದ್ದು... ಆ ಮಾತ್ರೆ. ಎದೆ ಡವಡವ ಅಂತಿದೆ."

"ಮೊದ್ಲು ಎದ್ದು ಹೊರಗೆ ಬಾ ಮಾರಾಯ!"

ಮಸುವೊ ಅವನನ್ನು ಬೆಂಚಿನ ಮೇಲೆ ಕೂರಿಸಿ ಗಾಳಿ ಹಾಕಿದ. ಎದೆ ಸ್ವಲ್ಪ ಹಗುರಾದ ಮೇಲೆ ಬೈಗುಳ ಶುರುವಾಯಿತು.

"ಗುರುತಿಲ್ಲದವನ ಮಾತ್ರೆ ನುಂಗ್ತೀಯಾ? ಡಾಕ್ಟ್ರ ಹತ್ರ ಹೋಗೋಕೇನು ಕಷ್ಟ ನಿಂಗೆ?"

"ಅದಕ್ಕೆ ಆರೋಗ್ಯ ವಿಮೆ ಇಲ್ವಲ್ಲಣ್ಣ, ಎಲ್ಲಾ ಕೈಯಿಂದ್ಲೇ ಕೊಡ್ಬೇಕು."

"ಬರೀ ಸುಖಕ್ಕೆ ಅಂದ್ರೆ ಇಲ್ಲ. ಮಗುಗೋಸ್ಕರ ಗಂಡ ಹೆಂಡ್ತಿ ಚಿಕಿತ್ಸೆ ತಗೋತಿದ್ರೆ ಇದೆ. ಒಂದಿಷ್ಟು ನಿಯಮ ಇವೆ, ಡಾಕ್ಟ್ರೇ ಹೇಳ್ತಾರೆ. ನಮ್ಮನೇಲಿ ಮಗಳು ಅಂಬೆಗಾಲಿಕ್ತಿದ್ದಾಳಲ್ಲ, ಹೇಗೆ ಬಂದ್ಲು ಅಂದ್ಕೊಂಡೆ?"

ತೊಮೊನೊರಿ ಕಣ್ಣು ಬಾಯಿ ಬಿಟ್ಟ. "ನೀನೂನಾ ಅಣ್ಣ?"

"ಹೂಂ, ನಾನೂ. ನಂಗೆ ಸಕ್ಕರೆ ಕಾಯಿಲೆ ಇದೆ, ಅದ್ರಿಂದ್ಲೇ ಹೀಗಾಗಿದೆ ಅಂತ ಗೊತ್ತಾಗಿದ್ದೂ ಡಾಕ್ಟ್ರು ಪರೀಕ್ಷೆ ಮಾಡಿದಾಗ್ಲೇ. ಹೆಂಡ್ತಿ ಒಬ್ಳನ್ನೇ ಕಳಿಸಿದ್ರೆ ಆಗಲ್ಲ ಕಣೋ. ನೀನೂ ಹೋಗ್ಬೇಕು."

ಅಂದು ಊಟಕ್ಕೆ ಕೂತಾಗ ತೊಮೊನೊರಿ ಧೈರ್ಯ ಮಾಡಿದ. "ಅಮ್ಮ, ಇವಳಿಗೇನೂ ಆಗಿಲ್ಲ. ಚಿಕಿತ್ಸೆ ಬೇಕಾಗಿರೋದು ನಂಗೆ."

ಅಮ್ಮನ ಕೈಯ ಊಟದ ಕಡ್ಡಿಗಳು ಅಲ್ಲೇ ನಿಂತವು. "ನಾನು ಈ ಹುಡುಗೀನ ಅಂದಿದ್ದನ್ನೆಲ್ಲ ಕೇಳ್ಕೊಂಡು ಸುಮ್ನೆ ಕೂತಿದ್ಯೇನೋ?" ಎಂದು ಮಗನನ್ನು ಗದರಿ, ಸೊಸೆಯ ಮುಂದೆ ತಲೆ ಬಾಗಿಸಿದಳು. "ತಪ್ಪಾಯ್ತಮ್ಮ ನಂದು. ನಾಳೆ ಇಬ್ರೂ ಹೋಗಿ. ಇವನು ತಪ್ಪಿಸ್ಕೊಂಡ್ರೆ ನಾನೇ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ."

ಚಿಹಾರುವಿಗೆ ಅಳುವಿನ ನಡುವೆಯೂ ನಗು ಉಕ್ಕಿತು.

ಅಣ್ಣಂದಿರೇ, ಇದು ಮರ್ಯಾದೆ ಹೋಗುವ ಕಾಯಿಲೆಯಲ್ಲ. ಕಂಡಕಂಡ ಮಾತ್ರೆ ನುಂಗಬೇಡಿ, ಡಾಕ್ಟರನ್ನು ಕಾಣಿ. ನಿಮ್ಮ ವಿಮೆ ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ಸಂಕೋಚವಿಲ್ಲದೆ ಕೇಳಿ. ನೀವು ಸುಮ್ಮನಿದ್ದಷ್ಟು ದಿನವೂ ಊರವರ ಮಾತು ಕೇಳುವವಳು ನಿಮ್ಮ ಹೆಂಡತಿ.